ಕುರ್ಚಿಗೆ ಮುನ್ನ ಅಳತೆ

ಪ್ರತಿವರ್ಷ ಜಾತ್ರೆಯ ಕಾಲಕ್ಕೆ ನಮ್ಮ ಮಠದ ಆವರಣದಲ್ಲಿ ವಿಕಲಚೇತನರಿಗೂ ವಯೋವೃದ್ಧರಿಗೂ ಗಾಲಿಕುರ್ಚಿಗಳನ್ನು ವಿತರಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಭಕ್ತಾದಿಗಳು ಉದಾರವಾಗಿ ನೀಡಿದ ಕಾಣಿಕೆಯಿಂದ ಕುರ್ಚಿಗಳನ್ನು ಕೊಂಡು, ಸಾಲಾಗಿ ನಿಲ್ಲಿಸಿ, ಹೂಮಾಲೆ ಹಾಕಿ, ಒಬ್ಬೊಬ್ಬರ ಹೆಸರು ಕರೆದು ಕೊಡುವ ಆ ಕಾರ್ಯದಲ್ಲಿ ನಾವೂ ಹಲವು ವರ್ಷ ಮುಂದೆ ನಿಂತವರು. ದಾಸೋಹವೆಂಬ ಭಾವದಿಂದಲೇ ಅದನ್ನು ಮಾಡಿದೆವು. ಕುರ್ಚಿಗಳೆಲ್ಲ ಒಂದೇ ಅಳತೆಯವಾಗಿದ್ದವು, ಪಡೆಯುವವರು ಒಬ್ಬೊಬ್ಬರೂ ಒಂದೊಂದು ಅಳತೆಯವರಾಗಿದ್ದರು ಎಂಬುದು ಮಾತ್ರ ಅಷ್ಟು ವರ್ಷಗಳಲ್ಲಿ ಒಮ್ಮೆಯೂ ನಮಗೆ ಹೊಳೆಯಲಿಲ್ಲ.

ಎರಡು ವರ್ಷಗಳ ಹಿಂದೆ ಶ್ರಾವಣಮಾಸದ ಪ್ರವಚನಕ್ಕೆಂದು ಸುತ್ತಲಿನ ಹಳ್ಳಿಗಳಿಗೆ ಹೋದಾಗ, ನಮ್ಮ ಕೈಯಿಂದಲೇ ಹೋದ ಕುರ್ಚಿಗಳು ಹೇಗಿವೆಯೆಂದು ನೋಡುವ ಮನಸ್ಸಾಯಿತು. ಒಂದು ಮನೆಯಲ್ಲಿ ಅದರ ಮೇಲೆ ಜೋಳದ ಚೀಲವಿತ್ತು. ಇನ್ನೊಂದರಲ್ಲಿ ಒಗೆದ ಬಟ್ಟೆಗಳು ಒಣಗುತ್ತಿದ್ದವು. ಮೂರನೆಯ ಮನೆಯಲ್ಲಿ ಅದನ್ನು ಜೋಪಾನವಾಗಿ ಮಡಿಚಿ ಅಟ್ಟಕ್ಕೇರಿಸಿದ್ದರು. ಯಾರೂ ನಮ್ಮನ್ನು ದೂರಲಿಲ್ಲ. “ಮಠದ ಕುರ್ಚಿ, ಹಾಳಾಗಬಾರದಂತ ಇಟ್ಟೀವಿ” ಎಂದು ಆ ಮನೆಯ ಹಿರಿಯರು ಹೇಳಿದಾಗ ನಾವು ನಾಚಿ ತಲೆತಗ್ಗಿಸಿದೆವು.

ನಾಲ್ಕನೆಯದು ನಮ್ಮ ಒಡಹುಟ್ಟಿದ ಅಕ್ಕನ ಮನೆ. ಅಕ್ಕನಿಗೆ ಎಪ್ಪತ್ತೆಂಟು. ಲಕ್ವ ಹೊಡೆದು ಎಡಗೈ, ಎಡಗಾಲು ಸೋತಿವೆ. ಬುದ್ಧಿಯೂ ಮಾತೂ ಮೊದಲಿನಂತೆಯೇ ಚುರುಕು. ಕುರ್ಚಿಯನ್ನು ನಾವೇ ಮುಂದೆ ನಿಂತು ಕಳುಹಿಸಿದ್ದೆವು. ಅಂದು ಅಕ್ಕ ಅದರಲ್ಲಿ ಕುಳಿತಿದ್ದ ಬಗೆಯನ್ನು ನೋಡಿದೆವು. ಮೈ ಎಡಕ್ಕೆ ವಾಲಿ, ಸೊಂಟ ಮುಂದಕ್ಕೆ ಜಾರಿ, ಬೆನ್ನು ಬಿಲ್ಲಿನಂತೆ ಬಾಗಿತ್ತು. ಕಾಲುಗಳು ಪಾದದ ಹಲಗೆಗೆ ನಿಲುಕದೆ ತೂಗುತ್ತಿದ್ದವು. ಅರ್ಧ ಗಂಟೆಗೆ ಮೀರಿ ಅದರಲ್ಲಿ ಕೂಡಲಾಗದೆಂದು ಸೊಸೆ ಹೇಳಿದಳು. ಅಕ್ಕ ನಮ್ಮ ಕೈಹಿಡಿದು, “ತಮ್ಮಾ, ನೀ ಕೊಟ್ಟಿದ್ದಂತ ಕುಂಡ್ರತೀನಿ. ಇಲ್ಲಾಂದ್ರ ಗೋಡಿಗೆ ಆನಿಕೊಂಡು ಕುಂಡ್ರೂದ ಛಲೋ ನೋಡು” ಎಂದಳು.

ವಾಚಕ ಬಂಧುಗಳಿಗೆ ಇದು ಒಂದು ಮನೆಯ ಸಂಗತಿಯೆಂದು ತೋರಬಹುದು. ಆದರೆ 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2 ಕೋಟಿ 68 ಲಕ್ಷ ಅಂಗವಿಕಲರಿದ್ದರು. ನಮ್ಮ ರಾಜ್ಯವೊಂದರಲ್ಲೇ 13 ಲಕ್ಷಕ್ಕೆ ಮೇಲ್ಪಟ್ಟು. ವಯಸ್ಸಿನಿಂದಾಗಿ ನಡಿಗೆ ಸೋತವರಲ್ಲಿ ಎಷ್ಟೋ ಮಂದಿ ಆ ಲೆಕ್ಕಕ್ಕೆ ಸಿಕ್ಕಿರಲಾರರು. ಜಗತ್ತಿನಲ್ಲಿ ಗಾಲಿಕುರ್ಚಿಯ ಅಗತ್ಯವುಳ್ಳವರು ಸುಮಾರು 8 ಕೋಟಿಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕುರ್ಚಿಯೇ ಇಲ್ಲದವರ ಕಷ್ಟ ಎಲ್ಲರಿಗೂ ಕಾಣುತ್ತದೆ. ಒಪ್ಪದ ಕುರ್ಚಿ ಸಿಕ್ಕವರ ಕಷ್ಟವನ್ನು ಯಾರೂ ಎಣಿಸುವುದಿಲ್ಲ, ಏಕೆಂದರೆ ದಾನದ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ‘ಸಂದಿದೆ’ ಎಂದು ಬರೆದಾಗಿರುತ್ತದೆ.

ನಾವು ಎಲ್ಲೆಡೆ ಕಾಣುವ ಮಡಿಚುವ ಕುರ್ಚಿಯ ಮೂಲವನ್ನು ಹುಡುಕುತ್ತ ಹೋದಾಗ ಸ್ವಾರಸ್ಯದ ಸಂಗತಿಯೊಂದು ದೊರೆಯಿತು. ಗಣಿಯ ಅಪಘಾತದಲ್ಲಿ ನಡಿಗೆ ಕಳೆದುಕೊಂಡ ಹರ್ಬರ್ಟ್ ಎವರೆಸ್ಟ್ ಎಂಬ ಅಮೆರಿಕದ ಎಂಜಿನಿಯರು ತಮ್ಮ ಗೆಳೆಯ ಹ್ಯಾರಿ ಜೆನಿಂಗ್ಸರೊಡನೆ 1930ರ ದಶಕದಲ್ಲಿ ಅದನ್ನು ರೂಪಿಸಿದರು. ಕತ್ತರಿಯಾಕಾರದ ಅಡ್ಡಪಟ್ಟಿಗಳಿಂದ ಮಡಿಚಿ ಮೋಟಾರಿನಲ್ಲಿಟ್ಟು ಒಯ್ಯಬಹುದಾದ ಆ ಕುರ್ಚಿ ಒಬ್ಬ ಮನುಷ್ಯನ ಅಗತ್ಯದಿಂದ ಹುಟ್ಟಿತು. ಕಾಲಾಂತರದಲ್ಲಿ ಅದರ ವಂಶದ್ದೇ ಆದ ಅಗ್ಗದ ಮಾದರಿ ಆಸ್ಪತ್ರೆಯ ಕುರ್ಚಿಯಾಯಿತು. ರೋಗಿಯನ್ನು ವಾರ್ಡಿನಿಂದ ವಾರ್ಡಿಗೆ ತಳ್ಳಿಕೊಂಡು ಹೋಗಲು ಹದಿನೆಂಟು ಅಂಗುಲದ ಸಡಿಲ ಬಟ್ಟೆಯ ಆಸನ ಸಾಕು. ಅದೇ ಕುರ್ಚಿಯಲ್ಲಿ ದಿನವಿಡೀ ಬದುಕಬೇಕಾದವನಿಗೆ ಅದು ಸಾಲದು. ನಾವು ಕೊಂಡು ಹಂಚಿದ್ದು ಆ ಬಗೆಯದನ್ನೇ.

ಆಸನ ಅಗಲವಾದರೆ ಮೈ ಒಂದು ಬದಿಗೆ ವಾಲುತ್ತದೆ. ಆಸನದ ಉದ್ದ ತೊಡೆಗಿಂತ ಹೆಚ್ಚಾದರೆ ಮುಂದಂಚು ಮೊಣಕಾಲ ಹಿಂಬದಿಗೆ ಒತ್ತುವುದರಿಂದ ಮನುಷ್ಯ ತಾನಾಗಿಯೇ ಮುಂದಕ್ಕೆ ಜಾರುತ್ತಾನೆ. ಪಾದದ ಹಲಗೆ ಕೆಳಗಿದ್ದರೆ ಕಾಲಿನ ಭಾರವೇ ಅವನನ್ನು ಕೆಳಕ್ಕೆಳೆಯುತ್ತದೆ. ಜಾರಿ ಕುಳಿತವನ ಭಾರವೆಲ್ಲ ಬೆನ್ನಿನ ಬುಡದ ಎಲುಬಿನ ಮೇಲೆ ಬೀಳುತ್ತದೆ. ಕೆಳಗೆ ಮೆತ್ತನೆಯ ಗಾದಿಯಿಲ್ಲದಿದ್ದರೆ ಅಲ್ಲಿಯ ಚರ್ಮಕ್ಕೆ ರಕ್ತ ಸಂಚಾರ ನಿಂತು ಹುಣ್ಣಾಗುತ್ತದೆ. ಬೆನ್ನುಹುರಿಗೆ ಪೆಟ್ಟಾದವರಿಗೆ ಆ ಹುಣ್ಣಿನ ನೋವು ಸಹ ತಿಳಿಯುವುದಿಲ್ಲ; ಎಲುಬಿನವರೆಗೆ ಇಳಿದು, ನಂಜೇರಿ, ಪ್ರಾಣಕ್ಕೆ ಎರವಾದದ್ದುಂಟು.

ಇದನ್ನೆಲ್ಲ ತಡೆಯುವ ಉಪಾಯ ಯಾವ ಸಿಂಪಿಗರಿಗೂ ಗೊತ್ತಿರುವಂಥದು: ಹೊಲಿಯುವ ಮುನ್ನ ಅಳತೆ ತೆಗೆದುಕೊಳ್ಳುವುದು. ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ಗಾಲಿಕುರ್ಚಿ ನೀಡಿಕೆಯ ಕುರಿತು ಮಾರ್ಗಸೂಚಿಯನ್ನು ಹೊರಡಿಸಿ, ಬಳಸುವವರ ಮೈಗೂ ಅವರ ಮನೆ-ದಾರಿಗಳಿಗೂ ಹೊಂದುವ, ಸ್ಥಳೀಯವಾಗಿ ದುರಸ್ತಿ ಮಾಡಬಹುದಾದ ಕುರ್ಚಿಯನ್ನೇ ‘ಯೋಗ್ಯ’ವೆಂದು ಕರೆಯಿತು. 2023ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಈ ಕಾರ್ಯವನ್ನು ನಾಲ್ಕು ಹಂತಗಳಲ್ಲಿ ಹೇಳಿದ್ದಾರೆ: ಆಯ್ಕೆ, ಹೊಂದಿಸುವುದು, ಕಲಿಸುವುದು, ಮರಳಿ ವಿಚಾರಿಸುವುದು. ನಾವು ಮಠದಲ್ಲಿ ಮಾಡುತ್ತಿದ್ದ ಮಾಲಾರ್ಪಣೆ ಈ ನಾಲ್ಕರಲ್ಲಿ ಯಾವುದಕ್ಕೂ ಸೇರುವುದಿಲ್ಲ.

ಆದರೆ ಅಳೆಯುವವರು ಎಲ್ಲಿದ್ದಾರೆ? ಈ ವಿದ್ಯೆಯನ್ನು ಬಲ್ಲ ಚಿಕಿತ್ಸಕರು ಹೆಚ್ಚಾಗಿ ನಗರಗಳಲ್ಲಿರುತ್ತಾರೆ. ಬೆಂಗಳೂರಿನಲ್ಲಿ 1959ರಷ್ಟು ಹಿಂದೆಯೇ ಸ್ಥಾಪಿತವಾದ ಅಂಗವಿಕಲರ ಸಂಸ್ಥೆ ಎ.ಪಿ.ಡಿ. ಇದೆ; 1994ರಿಂದ ಕೆಲಸ ಮಾಡುತ್ತಿರುವ ಮೊಬಿಲಿಟಿ ಇಂಡಿಯಾ ಇದೆ. ನಡೆಯಲಾರದ ಎಪ್ಪತ್ತೆಂಟರ ಮುದುಕಿಯನ್ನು ಬಾಡಿಗೆಯ ಮೋಟಾರಿನಲ್ಲಿ ಮಲಗಿಸಿಕೊಂಡು ಅಷ್ಟು ದೂರ ಹೋಗಿಬರುವುದೆಂದರೆ ಒಂದು ಕುಟುಂಬದ ವಾರದ ಕೂಲಿ ಹೋಗುವುದಲ್ಲದೆ, ಆ ಪ್ರಯಾಣವೇ ಒಂದು ಹುಣ್ಣನ್ನು ತಂದೀತು. ನಾವು ಹೀಗೆ ಚಿಂತಿಸುತ್ತಿದ್ದಾಗ, ತಾಲ್ಲೂಕಿನ ಪುನರ್ವಸತಿ ಕಾರ್ಯಕರ್ತರೊಬ್ಬರು ಮೊಬೈಲಿನ ವೀಡಿಯೊ ಕರೆಯಲ್ಲಿ ಚಿಕಿತ್ಸಕರಿಂದ ಅಳತೆ ಮಾಡಿಸುವ ಮಾತೆತ್ತಿದರು. ನಾವು ಮೊದಲು ನಂಬಲಿಲ್ಲ. ಮೊಮ್ಮಕ್ಕಳ ನಾಮಕರಣವನ್ನು ಫೋನಿನಲ್ಲಿ ನೋಡುವುದು ಸರಿ, ಮೈಯ ಅಳತೆಯನ್ನು ಫೋನಿನಲ್ಲಿ ತೆಗೆಯುವುದುಂಟೆ?

ಉಂಟೆಂದು ಆಮೇಲೆ ತಿಳಿದೆವು. ಅದು ನಿನ್ನೆ ಮೊನ್ನೆ ಹುಟ್ಟಿದ್ದೂ ಅಲ್ಲ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ತಜ್ಞರು ಪೆನ್ಸಿಲ್ವೇನಿಯದ ಗ್ರಾಮೀಣ ಭಾಗಗಳಲ್ಲಿದ್ದ ಜನರನ್ನು ದೃಶ್ಯ ಸಂಪರ್ಕದ ಮೂಲಕ ಪರೀಕ್ಷಿಸಿ ಗಾಲಿಕುರ್ಚಿ ಸೂಚಿಸಿದರು. ಎದುರು ಕೂತು ಪರೀಕ್ಷಿಸಿ ಕೊಟ್ಟ ಕುರ್ಚಿಗೂ ಹೀಗೆ ದೂರದಿಂದ ಸೂಚಿಸಿದ ಕುರ್ಚಿಗೂ ಬಳಕೆಯಲ್ಲಿ ಗಣನೀಯ ಅಂತರ ಕಾಣಲಿಲ್ಲವೆಂದು 2010ರಲ್ಲಿ ಪ್ರಕಟಿಸಿದರು. ಆ ಪ್ರಯೋಗದಲ್ಲಿ ಒಂದು ಮುಖ್ಯ ಅಂಶವಿತ್ತು. ತಜ್ಞರು ದೂರದಲ್ಲಿದ್ದರೂ, ರೋಗಿಯ ಪಕ್ಕದಲ್ಲಿ ಸ್ಥಳೀಯ ಚಿಕಿತ್ಸಕರೊಬ್ಬರು ನಿಂತಿರುತ್ತಿದ್ದರು. ಕಣ್ಣು ದೂರದ್ದು, ಕೈ ಹತ್ತಿರದ್ದು. ಇದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಹೇಳುವುದೆಲ್ಲ ಇದರ ಸುತ್ತಲೇ ಇದೆ. ನಮ್ಮ ದೇಶದಲ್ಲಿ 2020ರ ಮಹಾಮಾರಿಯ ಕಾಲದಲ್ಲಿ ದೂರದಿಂದ ವೈದ್ಯಸಲಹೆ ಪಡೆಯುವುದು ಮನೆಮಾತಾಯಿತು. ಆ ವರ್ಷದ ಮಾರ್ಚಿಯಲ್ಲಿ ವೈದ್ಯರಿಗಾಗಿ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಟಿತು. ಸರಕಾರದ ಇ-ಸಂಜೀವಿನಿ ಸೇವೆ ಮನೆಗಳಿಗೆ ತಲುಪಿತು. ಚಿಕಿತ್ಸಕರೂ ಅದೇ ದಾರಿ ಹಿಡಿದರು.

ಕಳೆದ ಮಾಗಿಯ ಒಂದು ಮುಂಜಾನೆ ಅಕ್ಕನ ಪಡಸಾಲೆಯಲ್ಲಿ ನಾವೆಲ್ಲ ಸೇರಿದೆವು. ಅಕ್ಕನ ಮಗ, ಸೊಸೆ, ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ನಾವು. ಬೆಂಗಳೂರಿನ ಚಿಕಿತ್ಸಕಿ ಫೋನಿನ ಪರದೆಯಲ್ಲಿ ಮೂಡಿದೊಡನೆ ಅಕ್ಕ ಸೆರಗನ್ನು ತಲೆಗೆಳೆದುಕೊಂಡು, “ಊಟ ಆತೇನವಾ?” ಎಂದು ವಿಚಾರಿಸಿದಳು. ಮೊದಲ ಹತ್ತು ನಿಮಿಷ ವ್ಯರ್ಥವೇ ಹೋಯಿತೆನ್ನಬೇಕು. ಮಗ ಫೋನನ್ನು ಹಿಡಿದ ರೀತಿಗೆ ಆ ಹೆಣ್ಣುಮಗಳಿಗೆ ನಮ್ಮ ಮನೆಯ ಜಂತಿಗಳಷ್ಟೇ ಕಾಣುತ್ತಿದ್ದವು. ಆಮೇಲೆ ಕಿಟಕಿ ಅಕ್ಕನ ಬೆನ್ನ ಹಿಂದಿದ್ದುದರಿಂದ ಅಕ್ಕ ಕಪ್ಪು ನೆರಳಾಗಿ ತೋರಿದಳಂತೆ. ಕೊನೆಗೆ ಕಿಟಕಿಗೆ ಮುಖಮಾಡಿ ಕೂಡಿಸಿ, ಫೋನನ್ನು ಅಕ್ಕನ ಎದೆಯ ಎತ್ತರಕ್ಕೆ, ಏಳೆಂಟು ಅಡಿ ದೂರದಲ್ಲಿ, ನೀರಿನ ಕೊಡಕ್ಕೆ ಒರಗಿಸಿ ಇಟ್ಟ ಮೇಲೆ ಕೆಲಸ ಸಾಗಿತು. ತಲೆಯಿಂದ ಪಾದದವರೆಗೆ ಒಮ್ಮೆಲೇ ಕಾಣಬೇಕು, ಮುಂದಿನಿಂದಲೂ ಕಾಣಬೇಕು, ಮಗ್ಗುಲಿನಿಂದಲೂ ಕಾಣಬೇಕು. ಕೈಯಲ್ಲಿ ಹಿಡಿದ ಫೋನು ಅಲುಗುತ್ತದೆ. ಆದ್ದರಿಂದ ಆನಿಸಿ ಇಡುವುದೇ ಉತ್ತಮ.

ಅಳತೆಯ ಪಟ್ಟಿಯನ್ನು ಕೈಗೆತ್ತಿಕೊಂಡ ಕಾರ್ಯಕರ್ತನನ್ನು ಆ ಚಿಕಿತ್ಸಕಿ ತಡೆದು, “ಅಮ್ಮಾ, ನಿಮಗೆ ಎಲ್ಲೆಲ್ಲಿಗೆ ಹೋಗ್ಬೇಕು ಅನ್ಸುತ್ತೆ?” ಎಂದು ಅಕ್ಕನನ್ನು ಕೇಳಿದಳು. ಇಷ್ಟು ವರ್ಷಗಳಲ್ಲಿ ನಾವು ಯಾರಿಗೂ ಕೇಳಿರದ ಪ್ರಶ್ನೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ನನಗ ಎಲ್ಲಿ ಹೋಗೂದೈತವಾ. ಹಿತ್ತಲದಾಗ ಎಮ್ಮಿ ಕಟ್ಯಾರ, ಅದರ ಮಾರಿ ನೋಡಿ ಆರು ತಿಂಗಳಾತು. ಬಚ್ಚಲಕ್ಕ ಒಬ್ಬಾಕಿನ ಹೋಗುವಂಗಾದ್ರ ಸಾಕು, ಪಾಪ ಈಕಿಗೂ ಕೆಲಸ ಭಾಳ” ಎಂದು ಸೊಸೆಯ ಕಡೆ ನೋಡಿದಳು. ಸೊಸೆ ಒಳಗೆ ಹೋದಳು.

ಆ ಉತ್ತರ ಕೇಳಿದ ಮೇಲೆ ಚಿಕಿತ್ಸಕಿ ಮನೆಯನ್ನು ತೋರಿಸಲು ಹೇಳಿದಳು. ಮಗ ಫೋನು ಹಿಡಿದು ಪಡಸಾಲೆಯಿಂದ ಅಡುಗೆಮನೆಗೆ, ಅಲ್ಲಿಂದ ಬಚ್ಚಲಿಗೆ, ಹಿತ್ತಲ ಬಾಗಿಲಿಗೆ, ಎಮ್ಮೆಯ ಕೊಟ್ಟಿಗೆಗೆ ನಡೆದ. ಅಲ್ಲಲ್ಲಿ ನಿಂತು ಬಾಗಿಲ ಅಗಲ, ಹೊಸ್ತಿಲ ಎತ್ತರ, ಮಂಚದ ಎತ್ತರಗಳನ್ನು ಅಳೆದು ಹೇಳಿದ. ಆಸ್ಪತ್ರೆಯಲ್ಲಿ ಕೂತು ಪರೀಕ್ಷಿಸುವ ತಜ್ಞರಿಗೆ ಇದು ಎಂದೂ ದೊರೆಯದ ನೋಟ. ಅಲ್ಲಿಯ ನುಣುಪು ನೆಲದ ಮೇಲೆ ಎಲ್ಲ ಕುರ್ಚಿಯೂ ಓಡುತ್ತದೆ. ಅಕ್ಕನ ಬಚ್ಚಲ ಬಾಗಿಲು ಎರಡು ಅಡಿ ಮೂರು ಅಂಗುಲ. ನಾವು ಕೊಟ್ಟ ಕುರ್ಚಿಯ ಒಟ್ಟು ಅಗಲ ಎರಡು ಅಡಿ ಎರಡು ಅಂಗುಲ. ಗಾಲಿಯ ಮೇಲಿನ ಕೈಬೆರಳುಗಳು ಚೌಕಟ್ಟಿಗೆ ಉಜ್ಜದೆ ಅದು ಒಳಹೋಗುವಂತಿರಲಿಲ್ಲ. ಅಷ್ಟು ದಿನ ಅದು ಏಕೆ ಪಡಸಾಲೆ ಬಿಟ್ಟು ಕದಲಲಿಲ್ಲವೆಂಬುದು ಆಗ ತಿಳಿಯಿತು. ಈ ಮನೆ ನೋಡುವ ಒಂದು ಲಾಭಕ್ಕಾಗಿಯಾದರೂ, ಚಿಕಿತ್ಸಕರು ನಮ್ಮೂರಲ್ಲೇ ಇದ್ದರೂ, ಇಂಥ ಕರೆಯನ್ನು ಮಾಡಿಸಬೇಕೆಂದು ನಮಗೆ ತೋರುತ್ತದೆ.

ಅನಂತರ ಮೈಯ ಅಳತೆ. ಗಟ್ಟಿಯಾದ ಬೆಂಚಿನ ಮೇಲೆ ನೆಟ್ಟಗೆ ಕೂಡಿಸಿ, ಮೊಣಕಾಲುಗಳು ಸಮಕೋನವಾಗುವಂತೆ ಪಾದಗಳ ಕೆಳಗೆ ಮಣೆಯಿಟ್ಟರು. ಬೇಕಾದವು ನಾಲ್ಕೇ ಅಳತೆಗಳು: ಪೃಷ್ಠದ ಅಗಲ, ಬೆನ್ನ ಹಿಂಬದಿಯಿಂದ ಮೊಣಕಾಲ ಹಿಂಬದಿಯವರೆಗೆ, ಮೊಣಕಾಲ ಹಿಂಬದಿಯಿಂದ ಹಿಮ್ಮಡಿಯವರೆಗೆ, ಆಸನದಿಂದ ಬೆನ್ನಿನ ಚಿಪ್ಪೆಲುಬಿನ ಕೆಳಗಿನವರೆಗೆ. ಎರಡನೆಯದರಲ್ಲಿ ಎರಡು ಬೆರಳಿನಷ್ಟು ಕಡಿಮೆ ಮಾಡಿದರೆ ಆಸನದ ಉದ್ದ ದೊರೆಯುತ್ತದೆ. ಮೂರನೆಯದರಿಂದ ಪಾದದ ಹಲಗೆಯ ಎತ್ತರ. ಆಸನದ ಮೇಲೆ ಹಾಕುವ ಗಾದಿಯ ದಪ್ಪವನ್ನೂ ಇಲ್ಲಿ ಲೆಕ್ಕಕ್ಕೆ ಹಿಡಿಯಬೇಕು. ಮಗ ಮೊದಲು ಸೀರೆಯ ನಿರಿಗೆಗಳ ಮೇಲೆಯೇ ಪಟ್ಟಿ ಸುತ್ತಿ ಹದಿನೇಳು ಅಂಗುಲ ಎಂದ. ಚಿಕಿತ್ಸಕಿಗೆ ಪರದೆಯಲ್ಲೇ ಸಂಶಯ ಬಂತು. ಎರಡು ದಪ್ಪ ಪುಸ್ತಕಗಳನ್ನು ತರಿಸಿ, ಅಕ್ಕನ ಎರಡೂ ಮಗ್ಗುಲಿಗೆ ನೆಟ್ಟಗೆ ಒತ್ತಿ ಹಿಡಿದು, ಅವುಗಳ ನಡುವಿನ ಅಂತರ ಅಳೆಯಿರಿ ಎಂದಳು. ಹದಿನಾಲ್ಕೂವರೆ ಬಂತು. ಹದಿನಾಲ್ಕೂವರೆ ಅಂಗುಲದ ಹೆಣ್ಣುಮಗಳನ್ನು ನಾವು ಹದಿನೆಂಟು ಅಂಗುಲದ ಆಸನದಲ್ಲಿ ಕೂಡಿಸಿದ್ದೆವು. ಆ ಪುಸ್ತಕಗಳಲ್ಲಿ ಒಂದು ನಾವೇ ಸಂಪಾದಿಸಿದ್ದು ಎಂಬುದನ್ನು ಇಲ್ಲಿ ಹೇಳಬಹುದೇನೋ. ಅದು ಇಷ್ಟು ಉಪಯುಕ್ತವಾದದ್ದು ಅದೇ ಮೊದಲು.

ನಡುವೆ ಎರಡು ಬಾರಿ ಸಂಪರ್ಕ ಕಡಿಯಿತು. ಚಿಕಿತ್ಸಕಿ ಮರಳಿ ಕರೆಮಾಡಿದಾಗಲೆಲ್ಲ ಅದುವರೆಗಿನ ಅಳತೆಗಳನ್ನು ಇನ್ನೊಮ್ಮೆ ಓದಿ ಹೇಳಿಸುತ್ತಿದ್ದಳು.

ಕಡೆಯಲ್ಲಿ ಆಕೆ, ಕುಳಿತುಕೊಳ್ಳುವ ಜಾಗದಲ್ಲಿ ಚರ್ಮ ಹೇಗಿದೆ ಎಂದು ಕೇಳಿದಳು. ಯಾರೂ ಉತ್ತರಿಸಲಿಲ್ಲ. ಆಕೆ ಅರ್ಥಮಾಡಿಕೊಂಡು, ಗಂಡಸರೆಲ್ಲ ಹೊರಗೆ ಹೋಗಬೇಕೆಂದೂ ಫೋನಿನ ಕ್ಯಾಮರಾ ಮುಚ್ಚಬೇಕೆಂದೂ, ಸೊಸೆ ನೋಡಿ ಬಾಯಲ್ಲಿ ಹೇಳಿದರೆ ಸಾಕೆಂದೂ ಸೂಚಿಸಿದಳು. ನಾವು ಕಟ್ಟೆಯ ಮೇಲೆ ಕುಳಿತೆವು. ಸೊಸೆ ಹೊರಗೆ ಬಂದು ಹೇಳಿದ್ದನ್ನು ಕೇಳಿ ನಮ್ಮ ಬಾಯೊಣಗಿತು. ಬೆನ್ನಿನ ಬುಡದಲ್ಲಿ ರೂಪಾಯಿಯಷ್ಟಗಲ ಚರ್ಮ ಸುಲಿದಿತ್ತು. ಸುತ್ತಲಿನ ಕೆಂಪು, ಬೆರಳಿಂದ ಒತ್ತಿದರೂ ಬಿಳುಚುತ್ತಿರಲಿಲ್ಲ. ಅಕ್ಕ ಅದನ್ನು ಯಾರಿಗೂ ಹೇಳಿರಲಿಲ್ಲ. ಮಠದ ಕುರ್ಚಿಯಿಂದ ಹುಣ್ಣಾಯಿತೆಂದು ಹೇಳುವುದು ಹೇಗೆಂದು ಸುಮ್ಮನಿದ್ದಳಂತೆ.

ಚಿಕಿತ್ಸಕಿ ಅಲ್ಲಿಗೆ ಕೆಲಸ ನಿಲ್ಲಿಸಿದಳು. ಹುಣ್ಣಿನ ಆಳವನ್ನು ಫೋನಿನಲ್ಲಿ ತಿಳಿಯಲಾಗದು, ಮೊದಲು ವೈದ್ಯರು ಕಣ್ಣಾರೆ ನೋಡಬೇಕು, ಮಾಯುವವರೆಗೆ ಅದರ ಮೇಲೆ ಭಾರ ಬೀಳಕೂಡದು, ಹಳೆಯ ಕುರ್ಚಿಯಲ್ಲಿ ಕೂಡಿಸಬೇಡಿ ಎಂದು ಖಂಡಿತವಾಗಿ ನುಡಿದಳು. ಅಷ್ಟು ದೂರದಿಂದ ಎಲ್ಲವನ್ನೂ ಮಾಡಿಬಿಡುವ ಉತ್ಸಾಹ ತೋರದೆ, ಇದು ನನ್ನಿಂದ ಇಲ್ಲಿಂದ ಆಗದು ಎಂದು ಹೇಳಿದ ಆ ಹೆಣ್ಣುಮಗಳ ಮೇಲೆ ನಮಗೆ ಆಗ ಹುಟ್ಟಿದ ಗೌರವ ಇಂದಿಗೂ ಇದೆ. ಹುಣ್ಣು ಮಾಯಲು ಎರಡು ತಿಂಗಳು ಹಿಡಿಯಿತು.

ದೂರದಿಂದ ಆಗದ ಕೆಲಸಗಳು ಇನ್ನೂ ಇವೆ. ಬಾಗಿದ ಬೆನ್ನು ಕೈಯಿಂದ ಆನಿಸಿದರೆ ನೆಟ್ಟಗಾಗುತ್ತದೆಯೇ, ಅಥವಾ ಅದು ಹಾಗೆಯೇ ಸೆಟೆದು ನಿಂತಿದೆಯೇ ಎಂಬುದನ್ನು ನುರಿತ ಕೈಗಳೇ ಮುಟ್ಟಿ ತಿಳಿಯಬೇಕು. ಸ್ನಾಯುಗಳ ಬಿಗಿತವೂ ಹಾಗೆಯೇ. ಸೆರಿಬ್ರಲ್ ಪಾಲ್ಸಿಯುಳ್ಳ ಮಕ್ಕಳು, ಬೆನ್ನು ಒಂದು ಬದಿಗೆ ಡೊಂಕಾದವರು, ಇತ್ತೀಚೆಗೆ ಕಾಲು ಕತ್ತರಿಸಿಕೊಂಡವರು, ಬೆನ್ನುಹುರಿಗೆ ಪೆಟ್ಟಾಗಿ ಸ್ಪರ್ಶಜ್ಞಾನ ಇಲ್ಲದವರು, ಇವರ ವಿಷಯದಲ್ಲಿ ವೀಡಿಯೊ ಕರೆಯನ್ನು ಮೊದಲ ವಿಚಾರಣೆಗಷ್ಟೇ ಇಟ್ಟುಕೊಂಡು, ಮುಖ್ಯ ಪರೀಕ್ಷೆಯನ್ನು ಎದುರಾ ಎದುರೇ ಮಾಡಿಸುವುದು ಕ್ಷೇಮ. ಫೋನಿನಲ್ಲಿ ಎಲ್ಲವೂ ಆಗುತ್ತದೆ ಎಂದು ಯಾರಾದರೂ ನಿಮ್ಮ ಮನೆಗೆ ಬಂದು ಕುರ್ಚಿ ಮಾರಲು ನೋಡಿದರೆ ನಂಬಬೇಡಿರಿ.

ಹುಣ್ಣು ಮಾಯ್ದ ಮೇಲೆ ಹೊಸ ಕುರ್ಚಿ ಬಂತು. ಅದರೊಡನೆ ಸಮೀಪದ ನಗರದಿಂದ ಚಿಕಿತ್ಸಕರೊಬ್ಬರು ಮನೆಗೆ ಬಂದರು. ಬೆಂಗಳೂರಿನಾಕೆ ಮತ್ತೆ ಫೋನಿನಲ್ಲಿದ್ದಳು. ಅಕ್ಕನಿಗೆ ಬಲಗೈಯೂ ಬಲಗಾಲೂ ಗಟ್ಟಿಯಾಗಿರುವುದರಿಂದ, ಬಲಗೈಯಿಂದ ಗಾಲಿ ತಿರುಗಿಸುತ್ತ ಬಲಗಾಲಿನಿಂದ ನೆಲವನ್ನು ಮೀಟುತ್ತ ಸಾಗುವಂತೆ ಕುರ್ಚಿಯನ್ನು ತಗ್ಗಾಗಿ ಮಾಡಿಸಿ, ಬಲಬದಿಯ ಪಾದದ ಹಲಗೆಯನ್ನು ತೆಗೆದಿದ್ದರು. ಲಕ್ವ ಹೊಡೆದವರು ಹೀಗೆ ಸ್ವತಃ ಓಡಾಡಬಹುದೆಂಬುದೇ ನಮಗೆ ಹೊಸದು. ಆದರೆ ಕೂಡಿಸಿ ನೋಡಿದರೆ ಹಿಮ್ಮಡಿ ನೆಲಕ್ಕೆ ಒಂದು ಬೆರಳು ಎತ್ತರದಲ್ಲಿ ನಿಂತಿತು. ಕುಳಿತಾಗ ಗಾದಿ ಎಷ್ಟು ಕುಗ್ಗುವುದೆಂಬ ಎಣಿಕೆ ತಪ್ಪಿತ್ತು. ಬಂದವರು ಗಾಲಿಯ ಅಚ್ಚನ್ನು ಬೇರೆ ತೂತಿಗೆ ಬದಲಿಸಿ ಆಸನವನ್ನು ಇಳಿಸಿದರು. ಕಾಲು ಗಂಟೆಯ ಕೆಲಸ. ಅವರು ಬರದೆ ಕುರ್ಚಿಯಷ್ಟೇ ಬಂದಿದ್ದರೆ ಆ ಒಂದು ಬೆರಳಿನ ಅಂತರಕ್ಕಾಗಿ ಅದೂ ಪಡಸಾಲೆಯಲ್ಲಿ ನಿಲ್ಲುತ್ತಿತ್ತು.

ಗಾದಿಯ ಪರೀಕ್ಷೆಯೊಂದನ್ನು ಅವರು ಸೊಸೆಗೆ ಕಲಿಸಿದರು. ಮನೆಯಲ್ಲಿ ಗಾಲಿಕುರ್ಚಿಯುಳ್ಳ ಎಲ್ಲರೂ ಇದನ್ನು ತಿಳಿದಿರಬೇಕು. ಕುಳಿತವರ ಕೆಳಗೆ, ಕೂಡುವ ಎಲುಬಿನ ನೇರಕ್ಕೆ, ಅಂಗೈ ಮೇಲಾಗಿ ಬೆರಳತುದಿಗಳನ್ನು ಸೇರಿಸಬೇಕು. ಬೆರಳುಗಳನ್ನು ಸ್ವಲ್ಪ ಮೇಲೆ ಕೆಳಗೆ ಆಡಿಸಲು ಬಂದರೆ ಒಳ್ಳೆಯದು. ಆಡಿಸಲು ಬರದೆ ಸುಲಭವಾಗಿ ಹೊರಗೆಳೆಯಲು ಬಂದರೆ ಎಚ್ಚರಿಕೆ. ಬೆರಳು ಇರುಕಿ ಎಳೆಯುವುದೂ ಕಷ್ಟವಾದರೆ ಆ ಗಾದಿ ಕೆಲಸಕ್ಕೆ ಬಾರದು. ಇದನ್ನು ಎರಡೂ ಬದಿಗೆ ಮಾಡಬೇಕು. ಸೊಸೆ ಮೊದಲು ಹಳೆಯ ಕುರ್ಚಿಯ ಮೇಲೆ ಬೇರೊಬ್ಬರನ್ನು ಕೂಡಿಸಿ ನೋಡಿ, “ಅಯ್ಯಯ್ಯ, ಬೆರಳ ಜಜ್ಜಿದಂಗಾತು” ಎಂದಳು. ಪಿಟ್ಸ್‌ಬರ್ಗಿನ ಪ್ರಯೋಗದಲ್ಲಿ ಪಕ್ಕಕ್ಕೆ ನಿಂತಿದ್ದ ಕೈ ನಮ್ಮ ಮನೆಗಳಲ್ಲಿ ಬಹುಪಾಲು ಸೊಸೆಯದೇ ಆಗಿರುತ್ತದೆ. ಆಕೆಗೆ ಇದನ್ನು ಕಲಿಸುವವರು ಬೇಕು. ಆಕೆ ಹೇಳಿದ್ದನ್ನು ಕೇಳಿಸಿಕೊಳ್ಳುವವರು ಅದಕ್ಕಿಂತ ಹೆಚ್ಚು ಬೇಕು.

ಹೊಸ್ತಿಲ ಪ್ರಶ್ನೆಯೊಂದು ಉಳಿದಿತ್ತು. ಏರಿಕೆಯ ಹಲಗೆಗೆ ಒಂದು ಅಂಗುಲ ಎತ್ತರಕ್ಕೆ ಹನ್ನೆರಡು ಅಂಗುಲ ಉದ್ದವಿರಬೇಕೆಂಬುದು ನಿಯಮ. ಹಿತ್ತಲ ಬಾಗಿಲ ಹೊಸ್ತಿಲು ನಾಲ್ಕು ಅಂಗುಲ, ಹೀಗಾಗಿ ಎರಡೂ ಕಡೆಗೆ ನಾಲ್ಕು ನಾಲ್ಕು ಅಡಿಯ ಹಲಗೆ. ಹೊಸ್ತಿಲನ್ನೇ ಕೀಳಿಸೋಣವೆಂದು ಮಗ ಅಂದಾಗ ಅಕ್ಕ ಸುತರಾಂ ಒಪ್ಪಲಿಲ್ಲ. ದಿನವೂ ನೀರು ಹಾಕಿ ಕುಂಕುಮ ಹಚ್ಚಿದ ಹೊಸ್ತಿಲು. ಬಡಿಗರು ಹೊಸ್ತಿಲನ್ನು ಮುಟ್ಟದೆ, ಬೇಕಾದಾಗ ಎತ್ತಿಡುವಂಥ ಎರಡು ಹಲಗೆಗಳನ್ನು ಮಾಡಿಕೊಟ್ಟರು.

ಗಾಲಿಕುರ್ಚಿಯ ಮಾತೇ ಹೆಚ್ಚಾಯಿತು. ಕೋಲು, ವಾಕರ್, ಊರುಗೋಲುಗಳ ವಿಷಯದಲ್ಲಿ ವೀಡಿಯೊ ಕರೆ ಇನ್ನೂ ಸುಲಭವಾಗಿ ಕೆಲಸಕ್ಕೆ ಬರುತ್ತದೆ. ನಡೆಯುವುದನ್ನು ಮುಂದಿನಿಂದಲೂ ಮಗ್ಗುಲಿನಿಂದಲೂ ಹತ್ತು ಹೆಜ್ಜೆ ತೋರಿಸಿದರೆ ಚಿಕಿತ್ಸಕರಿಗೆ ಬೇಕಾದಷ್ಟು ತಿಳಿಯುತ್ತದೆ. ಬೀಳದಂತೆ ಒಬ್ಬರು ಪಕ್ಕದಲ್ಲೇ ಇರಬೇಕು, ಫೋನು ಹಿಡಿದವರೇ ಆ ಕೆಲಸಕ್ಕೆ ನಿಲ್ಲಕೂಡದು. ನಮ್ಮ ಕಣ್ಣಿಗೆ ಬಿದ್ದ ಹಿರಿಯರಲ್ಲಿ ಬಹುಮಂದಿ ಕೋಲನ್ನು ನೋಯುವ ಕಾಲಿನ ಬದಿಗೇ ಹಿಡಿಯುತ್ತಾರೆ. ಅದನ್ನು ಹಿಡಿಯಬೇಕಾದದ್ದು ಎದುರು ಬದಿಯ ಕೈಯಲ್ಲಿ. ಕೈಯನ್ನು ಇಳಿಬಿಟ್ಟು ನಿಂತಾಗ ಕೋಲಿನ ಹಿಡಿಕೆ ಮಣಿಕಟ್ಟಿನ ಗೆರೆಯ ನೇರಕ್ಕೆ ಬರಬೇಕು. ಹಿಡಿದಾಗ ಮೊಣಕೈ ಕೊಂಚ ಬಾಗಿರಬೇಕು. ಬಗಲಿನ ಊರುಗೋಲಿನ ಮೇಲ್ತುದಿ ಕಂಕುಳಿಗಿಂತ ಎರಡು ಮೂರು ಬೆರಳು ಕೆಳಗಿದ್ದು, ಭಾರವೆಲ್ಲ ಅಂಗೈಗಳ ಮೇಲಿರಬೇಕು. ಕಂಕುಳಿಗೇ ಜೋತುಬಿದ್ದರೆ ಅಲ್ಲಿಯ ನರ ಒತ್ತಿ ಕೈ ಜೋಮುಹಿಡಿಯುತ್ತದೆ. ತುದಿಯ ರಬ್ಬರು ಸವೆದಿದ್ದರೆ ಇಂದೇ ಬದಲಿಸಿರಿ. ಹತ್ತಿಪ್ಪತ್ತು ರೂಪಾಯಿಯ ಆ ರಬ್ಬರಿನ ಉದಾಸೀನದಿಂದ ಟೊಂಕದ ಎಲುಬು ಮುರಿದುಕೊಂಡವರನ್ನು ನಾವು ಬಲ್ಲೆವು.

ಯಾರನ್ನು ಸಂಪರ್ಕಿಸಬೇಕೆಂದು ವಾಚಕರು ಕೇಳಬಹುದು. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯತಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇರುವ ವ್ಯವಸ್ಥೆಯುಂಟು. ಮೊದಲು ಅವರನ್ನು ಕಾಣಿರಿ. ಸಾಧನ ಸಲಕರಣೆಗಳಿಗೆ ಕೇಂದ್ರ ಸರಕಾರದ ಎಡಿಪ್ ಯೋಜನೆ 1981ರಿಂದಲೂ, ಕಡಿಮೆ ಆದಾಯದ ಹಿರಿಯ ನಾಗರಿಕರಿಗೆ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದಲೂ ನಡೆದಿವೆ. ಅವುಗಳಲ್ಲಿ ಬರುವ ಸಲಕರಣೆಗಳನ್ನು ಬಹುಮಟ್ಟಿಗೆ ಕಾನ್ಪುರದ ಸರಕಾರಿ ಉದ್ಯಮ ಅಲಿಮ್ಕೋ ತಯಾರಿಸುತ್ತದೆ. ಅಂಗವಿಕಲತೆಯ ಪ್ರಮಾಣಪತ್ರ ಬೇರೆ, ಈ ಅಳತೆ ಬೇರೆ; ಒಂದಿದ್ದರೆ ಇನ್ನೊಂದು ಬೇಡವೆಂದು ತಿಳಿಯಬಾರದು. ಶಿಬಿರದಲ್ಲಿ ಕುರ್ಚಿ ಕೊಡುವಾಗ, ಅಳೆದಿದ್ದೀರಾ ಎಂದು ಕೇಳಲು ಸಂಕೋಚಪಡಬೇಡಿರಿ, ನಮ್ಮಂಥವರು ಎದುರಿಗೆ ನಿಂತಿದ್ದರೂ ಸಹ. ಕರೆಯ ಸಮಯದಲ್ಲಿ ಚಿತ್ರಮುದ್ರಣ ಮಾಡಿಕೊಳ್ಳುವರೇ, ಅದನ್ನು ಯಾರು ನೋಡುವರು ಎಂಬುದನ್ನೂ ಮೊದಲೇ ಕೇಳಿ, ಹಿರಿಯರ ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ಅವರದು, ಮಕ್ಕಳದಲ್ಲ.

ಅಕ್ಕ ಈಗ ದಿನಕ್ಕೆ ಎರಡು ಸಲ ಹಿತ್ತಲಿಗೆ ಹೋಗುತ್ತಾಳೆ. ಮೊದಲ ವಾರ ಎಮ್ಮೆ ಕುರ್ಚಿಯನ್ನು ಕಂಡು ಹಗ್ಗ ಜಗ್ಗಿ ಹಾರಾಡಿತೆಂದೂ, “ಆರು ತಿಂಗಳಿಗೆ ನನ್ನ ಗುರುತ ಮರ್ತೈತಿ ನೋಡು” ಎಂದೂ ನಮಗೆ ಫೋನಿನಲ್ಲಿ ದೂರಿದಳು. ಬಚ್ಚಲಿಗೆ ಒಬ್ಬಳೇ ಹೋಗುವುದು ಇನ್ನೂ ಪೂರ್ತಿ ಸಾಧಿಸಿಲ್ಲ; ಗೋಡೆಗೆ ಹಿಡಿಕೆಯೊಂದನ್ನು ಹಾಕಿಸಬೇಕಾಗಿದೆ. ಮುಂದಿನ ತಿಂಗಳು ಚಿಕಿತ್ಸಕಿ ಮತ್ತೆ ಕರೆಮಾಡಿ ಚರ್ಮ, ಗಾದಿ, ಗಾಲಿಗಳನ್ನು ವಿಚಾರಿಸುವಳು.

ಮಠದ ಉಗ್ರಾಣದಲ್ಲಿ ಕಳೆದ ಜಾತ್ರೆಗೆಂದು ತಂದ ಹನ್ನೊಂದು ಕುರ್ಚಿಗಳು ಹಾಗೆಯೇ ನಿಂತಿವೆ. ಪೂಜ್ಯರಿಗೆ ನಡೆದುದನ್ನೆಲ್ಲ ನಿವೇದಿಸಿಕೊಂಡಾಗ ವಿತರಣೆಯನ್ನು ತಡೆಹಿಡಿಯಲು ಅಪ್ಪಣೆಯಾಯಿತು. ಅರ್ಜಿ ಹಾಕಿದವರ ಮನೆಗಳಿಗೆ ಒಬ್ಬ ಕಾರ್ಯಕರ್ತ ಅಳತೆಯ ಪಟ್ಟಿ ಹಾಗೂ ಫೋನು ಹಿಡಿದು ಹೋಗುತ್ತಿದ್ದಾನೆ. ಇದುವರೆಗೆ ನಾಲ್ವರ ಅಳತೆ ಮುಗಿದಿದೆ. ಆ ಹನ್ನೊಂದರಲ್ಲಿ ಅವರಲ್ಲೊಬ್ಬರಿಗೆ ಮಾತ್ರ ಒಂದು ಕುರ್ಚಿ ಸರಿಹೋಗಿದೆ. ಉಳಿದವರದು ಹೊಸದಾಗಿ ಬರಬೇಕು, ಅದಕ್ಕೆ ಹಣ ಹೆಚ್ಚು ಬೇಕು. ಜಾತ್ರೆಯ ದಿನ ಮಾಲೆ ಹಾಕಲು ಸಾಲಾಗಿ ಕುರ್ಚಿಗಳಿರುವುದಿಲ್ಲವೆಂದು ಕೆಲವು ದಾನಿಗಳು ಬೇಸರಪಟ್ಟಿದ್ದಾರೆ. ಅವರ ಮನೆಗಳಿಗೆ ನಾವೇ ಹೋಗಿ ಮಾತನಾಡಿ ಬರಬೇಕಾಗಿದೆ.